ತಾಳ ನುಂಗಿದ ಪೆಟ್ಟಿಗೆ

ಗುಬ್ಬಿ
10 ಜೂನ್ 2024

ಏಜಾಜ್ ರೇಡಿಯೋಸ್, ಮಂಡಿಪೇಟೆ, ತುಮಕೂರು
ಅಂಗಡಿಯವರಿಗೆ,

ನಾನು ವನಜಾಕ್ಷಿ. ಗುಬ್ಬಿಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತಳಾದವಳು. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳು ಕುಣಿಗಲ್ಲಿನಲ್ಲಿ ನನಗೆ ಸನ್ಮಾನ ಮಾಡಿದರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಹಾಡಿನ ತಟ್ಟೆ ತಿರುಗಿಸುವ ಭಾರಿ ಯಂತ್ರವೊಂದನ್ನೂ ಕೊಟ್ಟರು. ವೇದಿಕೆಯ ಮೇಲೆ ಇಬ್ಬರು ಹೊತ್ತು ತಂದರು. ಇಂಥದ್ದು ಜಿಲ್ಲೆಯಲ್ಲೇ ಇಲ್ಲ ಎಂದು ಮೈಕಿನಲ್ಲಿ ಹೇಳಿದರು.

ಮನೆಗೆ ತಂದು ತಟ್ಟೆ ಇಟ್ಟರೆ ತಿರುಗುತ್ತದೆ, ಹಾಡುವುದಿಲ್ಲ. ಸೊಸೆ ಸುಧಾ ಸೂಜಿಯ ಹತ್ತಿರ ಕಿವಿಯಿಟ್ಟು, “ಇರುವೆ ಹಾಡ್ದಂಗೆ ಕೇಳ್ತದೆ ಅತ್ತೆ” ಎಂದಳು. ನನಗೆ ಅದೂ ಕೇಳಲಿಲ್ಲ. ಸನ್ಮಾನ ಸಮಿತಿಯ ಭಾನುಪ್ರಕಾಶನಿಗೆ ಅವಳಿಂದ ಫೋನು ಮಾಡಿಸಿದರೆ, ಅದಕ್ಕೆ ಫೋನೋ ಪ್ರೀಆಂಪ್ ಎಂಬ ಇನ್ನೊಂದು ಪೆಟ್ಟಿಗೆ ಬೇಕಂತೆ, ಅವರಿಗೆ ಗೊತ್ತೇ ಇರಲಿಲ್ಲವಂತೆ. ಬಾಯಿಲ್ಲದ ಉಡುಗೊರೆ ಕೊಟ್ಟು ಚಪ್ಪಾಳೆ ತಟ್ಟಿಸಿಕೊಂಡರು.

ನಾನು ಕೇಳಬೇಕಾದ ತಟ್ಟೆ ಒಂದೇ ಒಂದು. ಅದಕ್ಕೆ ಯಾವ ಪೆಟ್ಟಿಗೆ ತೆಗೆದುಕೊಳ್ಳಲಿ, ಬರೆದು ತಿಳಿಸಿ. ಫೋನಿನಲ್ಲಿ ಮಾತಾಡುವುದು ನನಗೆ ಹಿಡಿಸುವುದಿಲ್ಲ.

ವನಜಾಕ್ಷಿ


ತುಮಕೂರು
14 ಜೂನ್ 2024

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಮ್ಮ ಮಾಮು ಏಜಾಜ್ ಅಹಮದ್ ನನ್ನ ಕಡೆಗೆ ಎಸೆದು, “ನೋಡ್ಲಾ, ಯಾರೋ ಟೀಚರು, ನೀನೇ ಬರಿ” ಎಂದರು. ನಾನು ಅರ್ಫಾತ್. ರಿಪೇರಿ ಮೇಜು ನನ್ನದು.

ಮೊದಲು ನಿಮ್ಮ ವಿದ್ಯಾರ್ಥಿಗಳ ಮೇಲೆ ನನಗೂ ಕೋಪ ಬಂದಿದೆ ಎಂದು ಹೇಳಿಬಿಡುತ್ತೇನೆ. ಅಂಥ ಯಂತ್ರವನ್ನು ಮಾರಿದ ಅಂಗಡಿಯವನಿಗೆ ಒಂದು ಮಾತು ಹೇಳಲು ಏನಾಗಿತ್ತು?

ಆ ಪೆಟ್ಟಿಗೆ ಯಾಕೆ ಬೇಕು ಎಂದರೆ, ಸೂಜಿಯಿಂದ ಬರುವ ಸದ್ದು ತೀರಾ ಸಣ್ಣದು, ಅದನ್ನು ಮೊದಲು ಎತ್ತಬೇಕು. ಇನ್ನೊಂದು ಕಾರಣವೂ ಇದೆ. ತಟ್ಟೆ ಕೊರೆಯುವಾಗ ಕಂಪನಿಯವರು ದಪ್ಪ ದನಿಗಳನ್ನು ತಗ್ಗಿಸಿ, ತೆಳು ದನಿಗಳನ್ನು ಎತ್ತಿ ಕೊರೆಯುತ್ತಾರೆ. ದಪ್ಪ ದನಿಯನ್ನು ಹಾಗೇ ಕೊರೆದರೆ ಗೆರೆ ಪಕ್ಕದ ಗೆರೆಯ ಮೇಲೆ ನುಗ್ಗುತ್ತದೆ. ತೆಳು ದನಿಯನ್ನು ಎತ್ತದಿದ್ದರೆ ಸೂಜಿಯ ಸರಸರದಲ್ಲಿ ಮುಳುಗಿಹೋಗುತ್ತದೆ. ಅಂದರೆ ತಟ್ಟೆಯಲ್ಲಿ ಇರುವುದು ಒಂದು ತರಹದ ಸುಳ್ಳು. ಪ್ರೀಆಂಪ್ ಆ ಸುಳ್ಳನ್ನು ಅಷ್ಟೇ ಅಳತೆಗೆ ತಿರುಗಿಸಿ ನಿಜ ಮಾಡುತ್ತದೆ. ತನ್ನದು ಏನನ್ನೂ ಸೇರಿಸಬಾರದು. ಸೇರಿಸುವ ಪೆಟ್ಟಿಗೆಗಳೇ ಹೆಚ್ಚು ಮಾರಾಟವಾಗುವುದು.

ಸೂಜಿ ಕೂತಿರುವ ಪುಟ್ಟ ತಲೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರು ಇರುತ್ತದೆ. ಅದನ್ನು ನೋಡಿ ಬರೆಯಿರಿ. ಅದಿಲ್ಲದೆ ಪೆಟ್ಟಿಗೆ ಹೇಳುವುದು, ಪಾದ ನೋಡದೆ ಚಪ್ಪಲಿ ಕೊಟ್ಟ ಹಾಗೆ.

ಅರ್ಫಾತ್


ಗುಬ್ಬಿ
20 ಜೂನ್ 2024

ಅರ್ಫಾತನಿಗೆ,

ಸುಧಾ ಭೂತಗನ್ನಡಿ ಹಿಡಿದು ಓದಿದಳು. ಹೆಸರನ್ನು ಅವಳ ಕೈಯಲ್ಲೇ ಕೆಳಗೆ ಬರೆಸಿದ್ದೇನೆ. ಕೊನೆಯಲ್ಲಿ ಎಂ.ಸಿ. ಎಂದು ಎರಡು ಅಕ್ಷರ ಇವೆಯಂತೆ.

ನಿನ್ನ ಬರವಣಿಗೆ ಚೆನ್ನಾಗಿದೆ. ಯಾವ ಕಾಲೇಜಿನಲ್ಲಿ ಓದಿದ್ದೀಯ?

ವನಜಾಕ್ಷಿ


ತುಮಕೂರು
25 ಜೂನ್ 2024

ಮೇಡಂ,

ಕಾಲೇಜು ಇಲ್ಲ. ಒಂಬತ್ತನೇ ತರಗತಿಗೇ ಬಿಟ್ಟೆ.

ಎಂ.ಸಿ. ಎಂಬ ಆ ಎರಡು ಅಕ್ಷರಗಳೇ ಮುಖ್ಯ. ನಿಮ್ಮದು ತೀರಾ ಮೆಲ್ಲಗೆ ಮಾತಾಡುವ ಜಾತಿಯ ಸೂಜಿ. ಸಾಮಾನ್ಯ ಪೆಟ್ಟಿಗೆ ಹಾಕಿದರೆ ಹಾಡಿಗಿಂತ ಪೆಟ್ಟಿಗೆಯ ಹುಸ್ ಎನ್ನುವ ಸದ್ದೇ ಜೋರಾಗುತ್ತದೆ. ಹೆಚ್ಚು ಎತ್ತುವ, ಆದರೆ ತಾನು ಸುಮ್ಮನಿರುವ ಪೆಟ್ಟಿಗೆ ಬೇಕು. ನಮ್ಮಲ್ಲಿ ಗಾಜಿನ ವಾಲ್ವುಗಳು ಹೊಳೆಯುವ ಒಂದು ಸುಂದರಿ ಇದ್ದಾಳೆ. ಮಾಮು ಅದನ್ನೇ ಕಳಿಸು ಎಂದರು. “ಟೀಚರಮ್ಮ ನೋಡಿ ಖುಷಿ ಪಡ್ತಾರೆ ಕಣೋ.” “ಅವರು ನೋಡೋಕಲ್ಲ ಮಾಮು, ಕೇಳೋಕೆ ಕೇಳಿದಾರೆ” ಎಂದೆ. ಅದು ಎಲ್ಲ ಹಾಡಿಗೂ ಬೆಲ್ಲ ಬೆರೆಸುತ್ತದೆ. ಅದಕ್ಕಿಂತ ಅಗ್ಗದ, ನೋಡಲು ಟಿಫಿನ್ ಡಬ್ಬಿಯಂತಿರುವ ಬೂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ನಿಮ್ಮ ಸೂಜಿಗೆ ಇದೇ ಸರಿ.

ಗುಬ್ಬಿ ಬಸ್ಸಿನ ಕಂಡಕ್ಟರ್ ಗೋವಿಂದರಾಜು ಕೈಗೆ ಕೊಟ್ಟಿದ್ದೇನೆ. ಕೇಳಿ ನೋಡಿ ಆಮೇಲೆ ಹಣ ಕೊಡಿ.

ಅರ್ಫಾತ್


ಗುಬ್ಬಿ
2 ಜುಲೈ 2024

ಅರ್ಫಾತನಿಗೆ,

ಪೆಟ್ಟಿಗೆ ಬಂತು. ಸುಧಾ ಅದನ್ನು ಮನೆಯ ಸ್ಪೀಕರಿಗೆ ಜೋಡಿಸಿದಳು, ತಟ್ಟೆ ಹಾಡಿತು.

ಅದು ನನ್ನ ಗುರುಗಳು ಯಡಿಯೂರಿನ ಕರಿಬಸವಯ್ಯನವರ ತತ್ವಪದದ ತಟ್ಟೆ. ಅವರು ಹಾಡಿದ ತಟ್ಟೆ ಅದೊಂದೇ. ಮನೆಯಲ್ಲಿದ್ದ ಹಳೆಯ ಯಂತ್ರ ಕೆಟ್ಟು ಮೂಲೆ ಸೇರಿದ ಮೇಲೆ ನಾನು ಅದನ್ನು ಕೇಳಿರಲಿಲ್ಲ. ಗುರುಗಳು ಪಲ್ಲವಿಗೆ ಮೊದಲು ಗಂಟಲು ಸರಿಮಾಡಿಕೊಂಡದ್ದು ಕೂಡ ಕೇಳಿತು. ಹಾರ್ಮೋನಿಯಂ ಇದೆ, ತಬಲಾ ಇದೆ.

ತಾಳ ಇಲ್ಲ. ಕಂಚಿನ ತಾಳ, ಮೊದಲಿನಿಂದ ಕೊನೆಯವರೆಗೆ ಹಾಕಿದ್ದು, ಒಂದು ಪೆಟ್ಟೂ ಕೇಳುತ್ತಿಲ್ಲ. ನಿನ್ನ ಪೆಟ್ಟಿಗೆ ತಾಳ ನುಂಗಿದೆ.

ವನಜಾಕ್ಷಿ


ತುಮಕೂರು
6 ಜುಲೈ 2024

ಮೇಡಂ,

ಅದು ಅಂಥ ಪೆಟ್ಟಿಗೆಯಲ್ಲ. ಆದರೂ ನೀವು ಹೇಳಿದ ಮೇಲೆ ನೋಡಲೇಬೇಕು.

ಪೆಟ್ಟಿಗೆಯ ಬೆನ್ನಿನಲ್ಲಿ ಸಾಲಾಗಿ ಪುಟ್ಟ ಸ್ವಿಚ್ಚುಗಳಿವೆ. ಸೂಜಿಗೆ ಎಷ್ಟು ವಿದ್ಯುತ್ತಿನ ಭಾರ ಹೊರಿಸಬೇಕು ಎಂದು ಅವು ತೀರ್ಮಾನಿಸುತ್ತವೆ. ಭಾರ ಹೆಚ್ಚಾದರೆ ತಾಳದಂಥ ಮಿನುಗು ಮಂಕಾಗಬಹುದು. ಸುಧಾ ಅವರಿಗೆ ಹೇಳಿ ಒಂದೊಂದನ್ನೇ ಬದಲಿಸಿ ಕೇಳಿ. ಅದೂ ಆಗದಿದ್ದರೆ ಎಂದು ಬೇರೆ ಕಂಪನಿಯ ಇನ್ನೊಂದು ಪೆಟ್ಟಿಗೆಯನ್ನೂ ಗೋವಿಂದರಾಜು ಕೈಯಲ್ಲಿ ಕಳಿಸಿದ್ದೇನೆ. ಅದು ನಮ್ಮ ಗಿರಾಕಿಯೊಬ್ಬರದು, ನನ್ನ ಮಾತಿನ ಮೇಲೆ ಕೊಟ್ಟಿದ್ದಾರೆ. ಜೋಪಾನ.

ಅರ್ಫಾತ್


ಗುಬ್ಬಿ
19 ಜುಲೈ 2024

ಅಂಗಡಿಯವರಿಗೆ,

ಎಲ್ಲ ಸ್ವಿಚ್ಚುಗಳನ್ನೂ ತಿರುಗಿಸಿದ್ದಾಯಿತು. ಎರಡನೆಯ ಪೆಟ್ಟಿಗೆಯೂ ಅದೇ ಕಳ್ಳ. ತಾಳ ಇಲ್ಲ.

ಬೂದು ಡಬ್ಬಿಯೇ ಸರಿ, ಸುಂದರಿ ಬೇಡ ಎಂದು ನೀವು ಬರೆದಾಗ ಪ್ರಾಮಾಣಿಕರು ಸಿಕ್ಕರು ಎಂದುಕೊಂಡೆ. ಮಾರಾಟವಾಗದೆ ಕೂತಿದ್ದನ್ನು ಮುದುಕಿಗೆ ಸಾಗಹಾಕುವ ಹೊಸ ದಾರಿ ಇದು ಎಂದು ಈಗ ಅನಿಸುತ್ತಿದೆ. ನಾನು ಜೀವನವೆಲ್ಲ ಕಿವಿಯಿಂದ ಅನ್ನ ತಿಂದವಳು. ನನಗೆ ಕೇಳಿಸದ್ದನ್ನು ಇದೆ ಎಂದು ನಂಬಿಸಲು ಬರಬೇಡಿ. ಧೈರ್ಯವಿದ್ದರೆ ಭಾನುವಾರ ಬಂದು ನನ್ನೆದುರು ಕೂತು ಕೇಳಿ.

ವನಜಾಕ್ಷಿ


ತುಮಕೂರು
30 ಜುಲೈ 2024

ಮೇಡಂ,

ಬಂದೆ, ಕೂತೆ, ಕೇಳಿದೆ. ನೀವು ಕೊಟ್ಟ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಬಂದದ್ದಕ್ಕೆ ಸುಧಾ ಅವರಲ್ಲಿ ಕ್ಷಮೆ ಕೇಳುತ್ತೇನೆ. ನಿಮ್ಮಲ್ಲಿ ಅಲ್ಲ.

ತಟ್ಟೆ ಶುರುವಾದ ಕೂಡಲೇ ತಾಳ ಬಂತು. ಮಳೆ ನಿಂತ ಮೇಲೆ ತಗಡಿನ ಸೂರಿನಿಂದ ಹನಿ ಬೀಳುವಷ್ಟು ಸ್ಪಷ್ಟ. “ಇಲ್ಲೇ ಐತಲ್ಲ ಮೇಡಂ!” ಎಂದೆ. “ಎಲ್ಲಿ?” ಎಂದಿರಿ. “ಈಗ, ಈಗ, ಈಗ” ಎಂದು ಪ್ರತಿ ಪೆಟ್ಟಿಗೂ ಬೆರಳು ಎತ್ತಿದೆ. ನೀವು ನನ್ನ ಬೆರಳನ್ನೇ ನೋಡಿ, “ಚೆನ್ನಾಗಿ ನಟನೆ ಮಾಡ್ತೀಯ ಕಣಪ್ಪ” ಎಂದಿರಿ. ಸುಧಾ ಅವರನ್ನು ಕೇಳಿದರೆ ಅವರು ಸೆರಗಿನ ತುದಿ ತಿರುಚುತ್ತಾ ಒಳಗೆ ಹೋದರು. ನಡುವೆ ಕರೆಂಟು ಹೋಯಿತು. ಮೂಲೆಯ ಯುಪಿಎಸ್ ಕೀ ಕೀ ಎಂದು ಕಿರುಚಿಕೊಂಡರೂ ನೀವು ಏನೂ ಆಗದವರಂತೆ ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದಿರಿ. ಅಷ್ಟು ಜಂಬ ನಾನು ಯಾರಲ್ಲೂ ಕಂಡಿಲ್ಲ.

ಶಾಲೆ ಯಾಕೆ ಬಿಟ್ಟೆ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ವಿಜ್ಞಾನ ಪ್ರದರ್ಶನಕ್ಕೆ ಒಂದು ರೇಡಿಯೋ ಮಾಡಿಕೊಂಡು ಹೋಗಿದ್ದೆ. ನಾನೇ ಮಾಡಿದ್ದು ಎಂದೆ. “ಮಾಮನ ಅಂಗಡಿಯಿಂದ ಎತ್ತಿಕೊಂಡು ಬಂದವ್ನೆ, ಸುಳ್ಳು ಬೇರೆ” ಎಂದು ಮೇಷ್ಟ್ರು ಎಲ್ಲರೆದುರು ನಗಾಡಿದರು. ಬ್ಯಾಗನ್ನು ಬೆಂಚಿನ ಮೇಲೇ ಬಿಟ್ಟು ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಮೊನ್ನೆ ನಿಮ್ಮ ಮನೆಯಿಂದ ಹೊರಟಾಗ ಅದೇ ಆಯಿತು.

ಮಾಮು ಸುಲಭದ ದಾರಿ ಹೇಳಿದರು. “ಒಳಗೆ ಒಂದು ಕಂಡೆನ್ಸರ್ ಬದಲಾಯ್ಸಿ ಟ್ರೆಬಲ್ ಎತ್ತಿ ಕೊಡ್ಲಾ. ಅವ್ರಿಗೆ ಹೇಳ್ಬೇಡ. ಗಿರಾಕಿ ಖುಷಿ, ನಾವೂ ಖುಷಿ.” ಟ್ರೆಬಲ್ ಅಂದರೆ ತೆಳು ದನಿ. ಮಾಡುವುದಿಲ್ಲ ಎಂದೆ. ಸರಿಯಿರುವ ಪೆಟ್ಟಿಗೆಯನ್ನು ಕದ್ದು ಕೆಡಿಸಿ ಕೊಡಲು ನನ್ನ ಕೈ ಬರುವುದಿಲ್ಲ.

ಇನ್ನೊಂದು ಮಾತು. ತಾಳ ಇರುವುದಷ್ಟೇ ಅಲ್ಲ, ಕೊನೆಯ ನುಡಿಯಲ್ಲಿ ಅದು ಹಾಡಿಗಿಂತ ಮುಂದೆ ಓಡುತ್ತದೆ. ಕೇಳದೆ ಇದ್ದವನಿಗೆ ಅದು ಹೇಗೆ ಗೊತ್ತಾಗುತ್ತದೆ, ನೀವೇ ಹೇಳಿ.

ಅರ್ಫಾತ್


ಗುಬ್ಬಿ
3 ಆಗಸ್ಟ್ 2024

ಅರ್ಫಾತ್,

ಆ ತಾಳ ಹಾಕಿದವಳು ನಾನು.

ಆಗ ನಾನಿನ್ನೂ ಲಂಗ ದಾವಣಿ ಉಡುತ್ತಿದ್ದೆ. ಗುರುಗಳು ನನ್ನನ್ನು ಮದ್ರಾಸಿಗೆ ಕರೆದುಕೊಂಡು ಹೋದರು. ತಟ್ಟೆಯ ಹೊದಿಕೆಯ ಮೇಲೆ ಗುರುಗಳ ಹೆಸರಿದೆ, ಹಾರ್ಮೋನಿಯಂ ನುಡಿಸಿದ ಮಹಾಲಿಂಗಯ್ಯನ ಹೆಸರಿದೆ, ತಬಲಾದವನ ಹೆಸರಿದೆ. ತಾಳಕ್ಕೆ ಹೆಸರಿಲ್ಲ. “ಹುಡುಗಿ ತಾನೆ” ಎಂದರಂತೆ ಕಂಪನಿಯವರು. ನಾನು ಅಲ್ಲಿ ಇದ್ದೆ ಎನ್ನುವುದಕ್ಕೆ ಆ ಸದ್ದು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಅದನ್ನು ನುಂಗಿದ ಪೆಟ್ಟಿಗೆಯನ್ನು ಮಾರಲು ಬಂದವನು, ಇಲ್ಲದ ತಾಳ ಓಡುತ್ತದೆ ಎಂದು ಬೇರೆ ಹೇಳುತ್ತೀಯಾ?

ನಾನು ಎಂದೂ ಓಡಿಲ್ಲ. ತಾಳದಲ್ಲಿ ನಾನು ಓಡುವುದಿಲ್ಲ.

ವನಜಾಕ್ಷಿ


ತುಮಕೂರು
12 ಆಗಸ್ಟ್ 2024

ಮೇಡಂ,

ನಿಮ್ಮ ಕಾಗದ ಓದಿದ ಮೇಲೆ ಒಂದು ವಾರ ಬೈಯಲು ಮಾತು ಹುಡುಕುತ್ತಿದ್ದೆ. ಸಿಕ್ಕಿದ್ದು ಬೇರೆ.

ಮೊನ್ನೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚದೆ ಕೀ ಕೀ ಎನ್ನುತ್ತಿತ್ತು. ನನ್ನ ತಂಗಿ ಅರ್ಶಿಯಾ ಒಳಗಿನಿಂದ, “ದಾದಿ, ಪಕ್ಕದಲ್ಲೇ ಕೂತಿದೀಯ, ಮುಚ್ಚಬಾರ್ದಾ?” ಎಂದು ಕೂಗಿದಳು. ನಮ್ಮ ದಾದಿ, ಅಂದರೆ ಅಪ್ಪನ ತಾಯಿ ತಾಜುನ್ನೀಸಾ, ತರಕಾರಿ ಹೆಚ್ಚುತ್ತಾ, “ಏನು ಮುಚ್ಚೋದು?” ಎಂದರು. ಎದ್ದು ಹೋಗಿ ಬಾಗಿಲು ಮುಚ್ಚಿದೆ. ಆಮೇಲೆ ಅಲ್ಲೇ ನಿಂತುಬಿಟ್ಟೆ. ನಿಮ್ಮ ಮನೆಯ ಯುಪಿಎಸ್ ನೆನಪಾಯಿತು.

ನೀವು ಜಂಬದಿಂದ ಸುಮ್ಮನಿರಲಿಲ್ಲ. ಅದು ನಿಮಗೆ ಕೇಳಿಸಲೇ ಇಲ್ಲ. ಸೂಜಿಯ ಹತ್ತಿರದ ಇರುವೆಯ ಹಾಡು ಸುಧಾ ಅವರಿಗೆ ಕೇಳಿತು, ನಿಮಗೆ ಕೇಳಲಿಲ್ಲ. ಫೋನು ಹಿಡಿಸುವುದಿಲ್ಲ ಎಂದಿರಿ. ಹಿಡಿಸದೆ ಅಲ್ಲ, ಸರಿಯಾಗಿ ಕೇಳದೆ ಇರಬೇಕು ಎಂದು ಈಗ ಅನಿಸುತ್ತದೆ.

ಮೇಡಂ, ತಾಳ ನುಂಗಿರುವುದು ಪೆಟ್ಟಿಗೆಯಲ್ಲ, ನಿಮ್ಮ ಕಿವಿ. ತೆಳು ದನಿಗಳು ನಿಮಗೆ ಹೋಗಿವೆ. ಇದನ್ನು ಮೆತ್ತಗೆ ಹೇಳುವ ರೀತಿ ಇರಬಹುದು, ನನಗೆ ಬರುವುದಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ನೀವೂ ಹೇಳಿರಲಿಲ್ಲ. ಹೋಗಿ ಕಿವಿ ತೋರಿಸಿ.

ಅರ್ಫಾತ್


ತುಮಕೂರು
10 ಸೆಪ್ಟೆಂಬರ್ 2024

ಮೇಡಂ,

ಎರಡೂ ಪೆಟ್ಟಿಗೆಗಳನ್ನು ಗೋವಿಂದರಾಜು ತಂದುಕೊಟ್ಟರು. ಒಳಗೆ ಒಂದು ಸಾಲಾದರೂ ಇರಬಹುದೆಂದು ರಟ್ಟನ್ನೆಲ್ಲ ಬಿಚ್ಚಿ ನೋಡಿದೆ. ಇರಲಿಲ್ಲ.

“ನಿಜ ಹೇಳಿ ಗಿರಾಕೀನ ಓಡ್ಸಿದ ಮಗ ನೀನೊಬ್ನೇ ಕಣ್ಲಾ ಮಂಡಿಪೇಟೆಗೆ” ಎಂದರು ಮಾಮು.

ಬರೆದದ್ದು ತಪ್ಪಾಗಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಅರ್ಫಾತ್


ಗುಬ್ಬಿ
4 ನವೆಂಬರ್ 2024

ಅರ್ಫಾತ್ ಮರಿ,

ನಿನ್ನ ಮೇಲಿನ ಕೋಪ ಇಳಿದಿಲ್ಲ. ಕಾರಣ ಮಾತ್ರ ಬದಲಾಗಿದೆ.

ಕಿವಿ ತೋರಿಸಲು ತುಮಕೂರಿಗೇ ಬಂದಿದ್ದೆ, ನಿನ್ನ ಅಂಗಡಿಯ ಕಡೆ ಸುಳಿಯಲಿಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದಳು ಒಬ್ಬ ಹುಡುಗಿ. ಒತ್ತುತ್ತಾ ಇದ್ದೆ. ಆಮೇಲೆ ಏನೂ ಬರಲಿಲ್ಲ, ಕಾದು ಕೂತೆ. “ಮುಂದಿಂದು ಯಾವಾಗ ಶುರು ಮಾಡ್ತೀಯಮ್ಮ?” ಎಂದೆ. “ಎಲ್ಲಾ ಮುಗೀತು ಮೇಡಂ” ಎಂದಳು.

ಯಾವ ದನಿ ನನಗೆ ಎಷ್ಟು ಕೇಳುತ್ತದೆ ಎಂದು ಅವಳು ಗೆರೆ ಎಳೆದು ಕೊಟ್ಟ ಚಿತ್ರದ ನಕಲು ಇದರ ಜೊತೆಗಿದೆ. ಎಡಗಡೆ ಸಮವಾಗಿ ಹೋಗುವ ಗೆರೆ ನಡುವಿನಿಂದ ಒಂದೇ ಸಮನೆ ಇಳಿದುಬಿಡುತ್ತದೆ. ಹುತ್ರಿದುರ್ಗದ ಬಂಡೆಯನ್ನು ಪಕ್ಕದಿಂದ ನೋಡಿದ ಹಾಗೆ. ನನ್ನ ತವರು ಆ ಬೆಟ್ಟದ ಕೆಳಗೇ ಇದೆ, ಆ ಇಳಿಜಾರು ನನಗೆ ಗೊತ್ತು. ಅಲ್ಲಿ ಕಾಲು ಜಾರಿದರೆ ಹಿಡಿದುಕೊಳ್ಳಲು ಒಂದು ಗಿಡವೂ ಇಲ್ಲ.

ಭಜನೆಯ ಹುಡುಗರಿಗೆ ಕೈಯಲ್ಲಿ ಬಲವಿಲ್ಲ, ತಾಳವನ್ನು ಸವರುತ್ತಾರೆ ಎಂದು ಬೈಯುತ್ತಿದ್ದೆ. ಅಂಗಳಕ್ಕೆ ಹಕ್ಕಿಗಳು ಬರುವುದು ಕಡಿಮೆಯಾಯಿತು ಎಂದು ಎಲ್ಲರ ಹತ್ತಿರ ಹೇಳುತ್ತಿದ್ದೆ. ಸುಧಾಗೆ ಎಲ್ಲಾ ಗೊತ್ತಿತ್ತಂತೆ. “ಹೇಳೋಕೆ ಭಯ ಆಯ್ತು ಅತ್ತೆ” ಎಂದಳು. ಸನ್ಮಾನ ಮಾಡಿದವರಿಗೆ ಗೊತ್ತಿತ್ತೋ ಏನೋ, ಅವರಂತೂ ಜೋರಾಗಿ ಮಾತಾಡುತ್ತಿದ್ದರು. ಎಲ್ಲರೂ ಶಾಲು ಹೊದಿಸಿದರು. ಒಬ್ಬನು ಹೇಳಿದ, ಅವನಿಗೆ ಪೆಟ್ಟಿಗೆ ವಾಪಸು ಕಳಿಸಿದೆ.

ಕಿವಿಗೆ ಮಷೀನು ಹಾಕಿಸಿಕೊಳ್ಳುತ್ತೇನೆ. ಮಾತಿಗೆ ಅದು ಸರಿ. ಹಾಡಿಗೆ ತಗಡು ಬಡಿದ ಹಾಗಿದೆ, ಹಾಕಿ ನೋಡಿದೆ. ಈಗ ಮೊದಲಿನ ಪ್ರಶ್ನೆಯನ್ನೇ ತಿರುಗಿ ಕೇಳುತ್ತೇನೆ, ಸರಿಯಾಗಿ ಉತ್ತರ ಕೊಡು. ಇಂಥ ಕಿವಿಗೆ ಯಾವ ಪೆಟ್ಟಿಗೆ?

ವನಜಾಕ್ಷಿ


ತುಮಕೂರು
28 ನವೆಂಬರ್ 2024

ಟೀಚರಮ್ಮ,

ಪಾದ ನೋಡದೆ ಚಪ್ಪಲಿ ಕೊಟ್ಟವನು ನಾನೇ. ಸೂಜಿಯ ಹೆಸರು ಕೇಳಿದೆ, ಯಂತ್ರದ ವಿಷಯ ಕೇಳಿದೆ. ಕೇಳುವವರು ಯಾರು ಎಂದು ಕೇಳಲಿಲ್ಲ.

ನಿಮ್ಮ ಚಿತ್ರವನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಪ್ರೀಆಂಪ್ ತಟ್ಟೆಯನ್ನು ಸರಿಮಾಡುವ ಗೆರೆಯ ಚಿತ್ರ ಇಟ್ಟೆ. ಎರಡೂ ಬಲಕ್ಕೆ ಇಳಿಯುತ್ತವೆ. ತಟ್ಟೆಯಲ್ಲಿ ತೆಳು ದನಿಯನ್ನು ಮೊದಲೇ ಎತ್ತಿರುತ್ತಾರೆ ಎಂದು ಬರೆದಿದ್ದೆನಲ್ಲ? ಪೆಟ್ಟಿಗೆ ಅದನ್ನು ಇಳಿಸುತ್ತದೆ. ನಿಮ್ಮ ಕಿವಿ ತಾನೂ ಇನ್ನೊಮ್ಮೆ ಇಳಿಸುತ್ತದೆ. ಆದ್ದರಿಂದ ನಿಮಗೆ ಪೆಟ್ಟಿಗೆ ಇಳಿಸಬಾರದು, ಸಾಲದ್ದಕ್ಕೆ ಇನ್ನೂ ಎತ್ತಬೇಕು. ಆಗ ನಿಮ್ಮ ಹತ್ತಿರ ಬರುವಷ್ಟರಲ್ಲಿ ಆದಷ್ಟು ನಿಜವಾಗಿರುತ್ತದೆ.

ಬೂದು ಡಬ್ಬಿಯನ್ನೇ ಬಿಚ್ಚಿದೆ. ಮಾಮು ಎದುರಿಗೆ ನಿಂತು ನಕ್ಕರು. “ಟ್ರೆಬಲ್ ಎತ್ತು ಅಂತ ನಾನು ಆವತ್ತೇ ಹೇಳ್ಲಿಲ್ವೇನ್ಲಾ? ದೊಡ್ಡ ಸತ್ಯವಂತ ಇವ್ನು.” “ನೀವು ಹೇಳಿದ್ದು ಹೇಳ್ದೆ ಮಾಡೋದು ಮಾಮು, ಇದು ಹೇಳಿ ಮಾಡೋದು” ಎಂದೆ. “ಕಂಡೆನ್ಸರ್ ಎರಡಕ್ಕೂ ಅದೇ ತಾನೆ?” ಎಂದರು. ಅದು ನಿಜ. ನನಗೆ ಇನ್ನೂ ಸಿಟ್ಟಿದೆ.

ಮುಂದುಗಡೆ ಒಂದು ಸ್ವಿಚ್ಚು ಇಟ್ಟಿದ್ದೇನೆ. ಮೇಲಕ್ಕೆ ಮಾಡಿದರೆ ಎಲ್ಲರ ಕಿವಿಗೆ, ಕೆಳಕ್ಕೆ ಮಾಡಿದರೆ ನಿಮ್ಮ ಚಿತ್ರಕ್ಕೆ. ಕೆಳಗಿದ್ದಾಗ ಸುಧಾ ಅವರು ಹತ್ತಿರ ಬರದಿರಲಿ. ಸ್ವಿಚ್ಚಿನ ಮೇಲೂ ಕೆಳಗೂ ಹೆಸರು ಬರೆಯಲು ಜಾಗ ಬಿಟ್ಟಿದ್ದೇನೆ, ಏನು ಬರೆಯಬೇಕೆಂದು ತಿಳಿಯಲಿಲ್ಲ. ಹೋದದ್ದೆಲ್ಲ ಇದರಿಂದ ಬರುವುದಿಲ್ಲ. ತಾಳ ಬರಬಹುದು. ಬರದಿದ್ದರೆ ಬರಲಿಲ್ಲ ಎಂದೇ ಬರೆಯಿರಿ.

ಓಡುತ್ತದೆ ಎಂದ ಮಾತನ್ನು ಮಾತ್ರ ನಾನು ವಾಪಸು ತೆಗೆದುಕೊಂಡಿಲ್ಲ.

ಅರ್ಫಾತ್


ಗುಬ್ಬಿ
9 ಡಿಸೆಂಬರ್ 2024

ಅರ್ಫಾತ್ ಮರಿ,

ಸ್ವಿಚ್ಚು ಕೆಳಕ್ಕೆ ಮಾಡಿದೆ. ಸುಧಾ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ಗುರುಗಳು ಗಂಟಲು ಸರಿಮಾಡಿಕೊಂಡರು. ಪಲ್ಲವಿ ಎತ್ತಿದರು. ಬಂದಳು ಹುಡುಗಿ. ಮೊದಲು ತೀರಾ ದೂರದಲ್ಲಿ, ಕೆರೆಯ ಆಚೆ ದಡದಲ್ಲಿ ಯಾರೋ ತಟ್ಟಿದ ಹಾಗೆ. ಅವಳಿದ್ದಾಳೆ ಎಂದು ಗೊತ್ತಾದ ಮೇಲೆ ಹತ್ತಿರ ಬಂದಳು. ನಾನು ತೊಡೆಯ ಮೇಲೆ ಕೈ ಹಾಕುತ್ತಾ ಕೂತೆ. ನಡುವೆ ಗುರುಗಳು ಸ್ವರ ಎಳೆದರೂ ಅವಳು ಅಲುಗಲಿಲ್ಲ. ನಿನಗೆ ಆವತ್ತು ಬೈದದ್ದು ಸರಿಯಾಗೇ ಇತ್ತು ಎಂದುಕೊಂಡೆ.

ಕೊನೆಯ ನುಡಿ ಬಂತು. ನನ್ನ ಕೈ ಒಂದು ಕಡೆ, ಅವಳ ತಾಳ ಒಂದು ಕಡೆ. ಸೂಜಿ ಎತ್ತಿ ಮತ್ತೆ ಇಟ್ಟೆ. ಮತ್ತೆ ಅದೇ.

ಮದ್ರಾಸಿನಿಂದ ಬರುವಾಗ ರೈಲಿನಲ್ಲಿ ಗುರುಗಳು, “ಕೊನೇಲಿ ಓಡ್ಬಿಟ್ಟೆ ಕಣೇ” ಎಂದಿದ್ದರು. ನಾನು ಮುಖ ತಿರುಗಿಸಿಕೊಂಡು, “ನೀವು ಎಳುದ್ರಿ” ಎಂದಿದ್ದೆ. ಅವರು ತೀರಿಹೋಗುವವರೆಗೂ ನಾನು ಒಪ್ಪಲಿಲ್ಲ.

ಕಂಪನಿಯವರು ಹೆಸರು ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು ಎಂದು ಮಾತ್ರ ಅಂದುಕೊಳ್ಳಬೇಡ. ಹಾಕಬೇಕಿತ್ತು. ಹೊದಿಕೆಯ ಮೇಲೆ ಮಹಾಲಿಂಗಯ್ಯನ ಕೆಳಗೆ ನಾನೇ ಮಸಿಯಲ್ಲಿ ಬರೆದೆ: ತಾಳ, ವನಜಾಕ್ಷಿ. ನಿನ್ನ ಸ್ವಿಚ್ಚಿನ ಕೆಳಗೂ ಅದನ್ನೇ ಬರೆದಿದ್ದೇನೆ. ಮೇಲಿನ ಜಾಗ ಖಾಲಿ ಇರಲಿ, ಎಲ್ಲರಿಗೂ ಹೆಸರು ಯಾಕೆ?

ಸಂಕ್ರಾಂತಿಗೆ ಬಾ. ಅರ್ಧ ಬಿಟ್ಟ ಕಾಫಿ ಬಾಕಿಯಿದೆ. ಅರ್ಶಿಯಾಳನ್ನೂ ದಾದಿಯನ್ನೂ ಕರೆದುಕೊಂಡು ಬಾ, ದಾದಿಗೆ ಸ್ವಿಚ್ಚು ಕೆಳಗೆ ಮಾಡಿ ಕೇಳಿಸೋಣ.

ನಿನ್ನ ಮಾಮುವಿಗೆ ಹೇಳು, ಪೆಟ್ಟಿಗೆ ಸರಿಯಾಗಿದೆ. ಹುಡುಗಿಯದೇ ತಪ್ಪು.

ವನಜಾಕ್ಷಿ